ಹಳೆಯ ಪಿಕಪ್ಪಿಗೆ ಹೊಸ ಶಾಕಪ್

ಬೆಳಗಿನ ಜಾವ ಮೂರು ಗಂಟೆಗೆ ಸಾಂತಾಕ್ರೂಜಿನಿಂದ ಹೊರಟು, ವಾಶಿಯ ಮಾರುಕಟ್ಟೆಯಲ್ಲಿ ತರಕಾರಿ, ನೀರುಳ್ಳಿ, ತೆಂಗಿನಕಾಯಿಗಳನ್ನು ಹೇರಿಕೊಂಡು, ಆರು ಗಂಟೆಯೊಳಗೆ ಹೋಟೆಲಿನ ಹಿಂಬಾಗಿಲಿಗೆ ಬಂದು ನಿಲ್ಲುವ ಹಳೆಯ ಪಿಕಪ್ಪುಗಳನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅವುಗಳಲ್ಲಿ ಕುಳಿತು ಬರುವವರೂ, ಅವುಗಳ ರಿಪೇರಿಯ ಲೆಕ್ಕ ಬರೆಯುವವರೂ ನಮ್ಮ ವಾಚಕರೇ. ಆದುದರಿಂದ ಇದು ಮಾಲಿಕರಿಗಾಗಿ ಬರೆದ ಲೇಖನವೆಂದು ಭಾವಿಸಿ ಪುಟ ತಿರುವಬಾರದಾಗಿ ವಿನಂತಿ.

ಪತ್ರಿಕೆಯ ಕೆಲಸಕ್ಕೆ ಬರುವ ಮುನ್ನ, ನಾವು ಹೋಟೆಲು ನಡೆಸುತ್ತಿದ್ದಾಗ, ನಮ್ಮಲ್ಲಿಯೂ ಅಂಥದೊಂದು ವಾಹನವಿದ್ದಿತು. ಕೊಂಡಾಗಲೇ ಒಂಬತ್ತು ವರ್ಷದ್ದು. ಅದರ ಹಿಂದಿನ ಶಾಕ್ ಅಬ್ಸಾರ್ಬರುಗಳು, ಗ್ಯಾರೇಜಿನ ಮಾತಿನಲ್ಲಿ ‘ಶಾಕಪ್’ಗಳು, ಎಣ್ಣೆ ಸುರಿಸತೊಡಗಿದಾಗ ಅಂಗಡಿಯಲ್ಲಿದ್ದ ಅತ್ಯಂತ ಗಡುಸಾದ ಜೋಡಿಯನ್ನು ಆರಿಸಿ ತಂದು ಹಾಕಿಸಿದೆವು. ಭಾರ ಹೊರುವ ಗಾಡಿಗೆ ಗಟ್ಟಿ ಸಾಮಾನೇ ಸರಿಯೆಂಬುದು ನಮ್ಮ ತರ್ಕ. ತಿಂಗಳು ಕಳೆಯುವುದರೊಳಗೆ, ಚಾಲಕನ ಪಕ್ಕದಲ್ಲಿ ಕುಳಿತು ಹೋಗುತ್ತಿದ್ದ ಕುಂದಾಪುರದ ಕಡೆಯ ಹುಡುಗನು ಸೊಂಟ ಹಿಡಿದುಕೊಂಡು ಬಂದು, “ಅಣ್ಣಾ, ಬರುವಾಗ ಅಡ್ಡಿಯಿಲ್ಲ, ಹೋಗುವಾಗ ಕುಳಿತುಕೊಳ್ಳಲಿಕ್ಕೆ ಆಗುವುದಿಲ್ಲ” ಎಂದನು. ಕೆಲಸ ತಪ್ಪಿಸುವ ನೆಪವೆಂದು ತಿಳಿದು ಗದರಿಸಿ ಕಳುಹಿಸಿದೆವು. ರೋಗದ ಮೂಲವೆಲ್ಲ ಆ ಒಂದು ಮಾತಿನಲ್ಲಿದ್ದಿತೆಂಬುದು, ಅವನು ರಜೆಯಲ್ಲಿದ್ದ ದಿನ ಅವನ ಜಾಗದಲ್ಲಿ ನಾವೇ ಕುಳಿತು ಹೋದಾಗ ತಿಳಿಯಿತು. ಚೆಂಬೂರು ದಾಟುವ ಮೊದಲೇ ನಮ್ಮ ತಲೆ ಎರಡು ಸಲ ಛಾವಣಿಗೆ ತಾಗಿದ್ದಿತು!

ಗಾಡಿಯ ಭಾರವನ್ನು ಹೊರುವುದು ಶಾಕಪ್ ಅಲ್ಲ; ಅದರ ಹೊಣೆ ಪಾಟಾಗಳದು, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಕಮಾನುಪಟ್ಟಿಗಳದು. ಗುಂಡಿಗೆ ಬಿದ್ದ ಪಾಟಾ ಕುಗ್ಗಿ, ಹಿಗ್ಗಿ, ಮತ್ತೆ ಮತ್ತೆ ಕುಣಿಯದಂತೆ ತಡೆಯುವುದಷ್ಟೇ ಶಾಕಪ್ಪಿನ ಕೆಲಸ. ಅದರೊಳಗಿನ ಎಣ್ಣೆಯು ಸಣ್ಣ ಕಂಡಿಗಳ ಮೂಲಕ ನುಸುಳಬೇಕಾಗುತ್ತದೆ. ನಮ್ಮ ಅಡುಗೆಮನೆಯ ಶ್ಯಾವಿಗೆ ಒರಳನ್ನು ನೆನೆದರೆ ಸಾಕು: ಮೆಲ್ಲನೆ ಒತ್ತಿದರೆ ಹಿಟ್ಟು ಇಳಿಯುತ್ತದೆ, ರಭಸದಿಂದ ಒತ್ತಿದರೆ ಕೈಗೇ ತಿರುಗಿ ಬೀಳುತ್ತದೆ. ಪಿಕಪ್ಪಿನ ಪಾಟಾ ತುಂಬಿದ ಭಾರಕ್ಕೆಂದೇ ಮಾಡಿದುದು. ಗಾಡಿ ಬರಿದಾಗಿದ್ದಾಗ ಅದು ಬಾಗುವುದೇ ಕಡಿಮೆ. ಅದರ ಮೇಲೆ ಶಾಕಪ್ಪೂ ಗಡುಸಾದರೆ ಗುಂಡಿಯ ಏಟು ನೆಟ್ಟಗೆ ಕುಳಿತವನ ಬೆನ್ನಿಗೆ ಏರುತ್ತದೆ. ನಮ್ಮ ಗಾಡಿ ಹೋಗುವಾಗ ಬರಿದು, ಬರುವಾಗ ಭರ್ತಿ. ಹುಡುಗನು ಹೇಳಿದುದೂ ಅದನ್ನೇ ಅಲ್ಲವೆ?

ಹಾಗೆಂದು ಶಾಕಪ್ ಬದಲಿಸಿದೊಡನೆ ಹಳೆಯ ಗಾಡಿ ಹಂಸತೂಲಿಕಾತಲ್ಪವಾಗುವುದಿಲ್ಲ. ಮೊದಲು ಪಾಟಾದ ಪಟ್ಟಿಗಳ ನಡುವೆ ತುಕ್ಕು ಹಿಡಿದಿದೆಯೆ, ಯಾವುದಾದರೂ ಮುರಿದಿದೆಯೆ, ಹಿಂದಿನ ಮಾಲಿಕನು ಹೆಚ್ಚಿನ ಪಟ್ಟಿ ಸೇರಿಸಿದ್ದಾನೆಯೆ ಎಂಬುದನ್ನು ನೋಡಬೇಕು. ರಬ್ಬರಿನ ಬುಶ್‌ಗಳು ಸವೆದಿದ್ದರೆ ಎಂಥ ಶಾಕಪ್ ಹಾಕಿದರೂ ಗಡಗಡ ತಪ್ಪದು. ಟಾಯರಿಗೆ ಸದಾ ಭರ್ತಿ ಭಾರದ ಗಾಳಿಯನ್ನೇ ತುಂಬಿಸುವ ಅಭ್ಯಾಸವೂ ಸೊಂಟಕ್ಕೆ ಶತ್ರು.

ಇನ್ನು ಆಯ್ಕೆಯ ಮಾತು. ಬರಿಯ ಎಣ್ಣೆಯದು ಒಂದು ಬಗೆ, ಎಣ್ಣೆಯೊಡನೆ ನೈಟ್ರೋಜನ್ ಅನಿಲ ತುಂಬಿದುದು ಇನ್ನೊಂದು. ಎಡೆಬಿಡದೆ ಕುಲುಕುವಾಗ ಎಣ್ಣೆ ಕಾದು ನೊರೆಯೆದ್ದರೆ ಹಿಡಿತ ತಪ್ಪುತ್ತದೆ. ಅನಿಲವು ನೊರೆಯನ್ನು ತಡೆಯುತ್ತದೆ. ಭಾರ ಹೇರಿ ಘಟ್ಟದ ರಸ್ತೆಯಲ್ಲಿ ದೂರ ಓಡುವವರಿಗೆ ಅದು ಮೇಲು. ಆದರೆ ಅದು ಸ್ವಲ್ಪ ಬಿಗಿ. ನಗರದೊಳಗೆ ಮೆಲ್ಲನೆ ತಿರುಗುವ ಹಳೆಯ ಗಾಡಿಗೆ, ತಯಾರಕರು ಮೊದಲು ಕೊಟ್ಟಿದ್ದ ಅಳತೆಯ ಸಾಧಾರಣ ಎಣ್ಣೆಯ ಶಾಕಪ್ಪೇ ಹಿತವೆಂದು ನಮ್ಮ ಅಭಿಪ್ರಾಯ. ಉದ್ದವನ್ನು ಮಾತ್ರ ತಪ್ಪದೆ ತಾಳೆ ನೋಡಬೇಕು. ಒಂದು ಕಡೆಯದು ಮಾತ್ರ ಕೆಟ್ಟಿದ್ದರೂ ಜೋಡಿಯಾಗಿಯೇ ಬದಲಿಸಬೇಕು. ಇಲ್ಲಿ ಉಳಿಸಿದ ಹಣ ಉಳಿಯುವುದಿಲ್ಲ.

ಸಾಂತಾಕ್ರೂಜಿನವರಿಗೆ ಸಮೀಪದ ಪೇಟೆಯೆಂದರೆ ಕಲೀನಾದಿಂದ ಕುರ್ಲಾಕ್ಕೆ ಹೋಗುವ ಸಿ.ಎಸ್.ಟಿ. ರಸ್ತೆ. ಇದು ಬೋರಿಬಂದರಿನ ನಿಲ್ದಾಣದ ಹೆಸರಲ್ಲ. 1928ರಿಂದ 1934ರವರೆಗೆ ಈ ಕಡೆ ಓಡಿ ನಿಂತುಹೋದ ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇಯ ನೆನಪು. ಹಳೆಯ ಸಾಮಾನಿನ ಯಾವ ಪೇಟೆಯಲ್ಲಾದರೂ ಬಣ್ಣ ಬಳಿದು ಹೊಸದರಂತೆ ಮಾಡಿಟ್ಟ ಶಾಕಪ್ಪುಗಳ ವಿಷಯದಲ್ಲಿ ಎಚ್ಚರ ಬೇಕು. ಬಿಲ್ಲು ಕೊಡದವನಲ್ಲಿ ಕೊಳ್ಳಬಾರದು. ನಮ್ಮ ಗುಮಾಸ್ತ ಮಿತ್ರರು ಇಷ್ಟಕ್ಕೆ ಹಟ ಹಿಡಿದರೂ ದೊಡ್ಡ ಉಪಕಾರ. ನಮ್ಮ ನಗರದ ಮುಲುಂಡಿನಲ್ಲಿಯೇ 1961ರಷ್ಟು ಹಿಂದೆ ಕೆಲಸ ಆರಂಭಿಸಿದ ಗೇಬ್ರಿಯಲ್ ಕಂಪನಿಯ ಮಾಲು ಸುಲಭವಾಗಿ ದೊರೆಯುವಾಗ, ಹೆಸರಿಲ್ಲದುದಕ್ಕೆ ಕೈಹಾಕುವ ಅಗತ್ಯವೂ ಇಲ್ಲ.

ಜೋಡಿಸುವ ಮುನ್ನ ಹೊಸ ಶಾಕಪ್ಪನ್ನು ನೆಟ್ಟಗೆ ಹಿಡಿದು ನಾಲ್ಕಾರು ಸಲ ಎಳೆದು ಒತ್ತಬೇಕು. ಒಳಗೆ ಸಿಕ್ಕಿಕೊಂಡ ಗಾಳಿ ಹೊರಡುತ್ತದೆ. ಬೋಲ್ಟುಗಳನ್ನು ಕೊನೆಯ ಸಲ ಬಿಗಿಯುವುದು ಗಾಡಿಯು ಜಾಕಿನಿಂದಿಳಿದು ತನ್ನ ಚಕ್ರಗಳ ಮೇಲೆ ನಿಂತ ಬಳಿಕ. ಇಲ್ಲವಾದರೆ ಬುಶ್ ತಿರುಚಿಕೊಂಡು ಬೇಗ ಹರಿಯುತ್ತದೆ. ಅವಸರದ ಮೇಸ್ತ್ರಿಯ ಬಳಿ ಚಾಲಕನು ನಿಂತು ಇದನ್ನು ಮಾಡಿಸಬೇಕು.

ನಾವು ಆ ಗಡುಸು ಜೋಡಿಯನ್ನು ಕಳಚಿಸಿ ಸಾಧಾರಣದ್ದನ್ನು ಹಾಕಿಸುವಷ್ಟರಲ್ಲಿ ಮಳೆಗಾಲ ಮುಗಿದಿದ್ದಿತು. ಹುಡುಗನು ಬೆನ್ನಿನ ಔಷಧಕ್ಕೆಂದು ಊರಿಗೆ ಹೋಗಿದ್ದನು. ದೀಪಾವಳಿ ಕಳೆದು ಮುಂಬಯಿಗೆ ಮರಳಿದನೆಂದು ಕೇಳಿದೆವು. ನಮ್ಮಲ್ಲಿಗಲ್ಲ, ವಿಲೇಪಾರ್ಲೆಯ ಬೇರೊಂದು ಹೋಟೆಲಿಗೆ.