ಸುಖ ಹೋದ ಮೇಲೂ ಚಟ ಏಕೆ ಉಳಿಯುತ್ತದೆ?

1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿನೊಳಕ್ಕೆ ಸಣ್ಣ ತಂತಿ ಇಳಿಸಿದರು. ಪೆಟ್ಟಿಗೆಯೊಳಗಿನ ಸನ್ನೆಯನ್ನು ಇಲಿ ಅದುಮಿದರೆ ಆ ತಂತಿಯಲ್ಲಿ ಕ್ಷಣಮಾತ್ರ ವಿದ್ಯುತ್ ಹರಿಯುತ್ತಿತ್ತು. ತಂತಿಯ ತುದಿ ಮಿದುಳಿನ ಕೆಲವು ಜಾಗಗಳಲ್ಲಿದ್ದರೆ ಇಲಿ ಸನ್ನೆ ಬಿಟ್ಟು ಕದಲುತ್ತಲೇ ಇರಲಿಲ್ಲ. ಮುಂದಿನ ಪ್ರಯೋಗಗಳಲ್ಲಿ ಕೆಲವು ಇಲಿಗಳು ಗಂಟೆಗೆ ಸಾವಿರಕ್ಕೂ ಹೆಚ್ಚು ಬಾರಿ, ಸುಸ್ತಾಗಿ ಬೀಳುವವರೆಗೂ ಅದುಮಿದವು.

ಮಿದುಳಿನ ‘ಸುಖಕೇಂದ್ರ’ ಸಿಕ್ಕಿತೆಂದು ಆಗ ಸುದ್ದಿಯಾಯಿತು. ಆ ಜಾಲದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಕೆಲಸ ಮಾಡುತ್ತದೆಂದು ತಿಳಿದ ಮೇಲೆ ಅದಕ್ಕೆ ‘ಸುಖದ ರಾಸಾಯನಿಕ’ ಎಂಬ ಹೆಸರು ಅಂಟಿತು. ಇಂದಿಗೂ ಬಿಟ್ಟಿಲ್ಲ. ಆದರೆ ಈ ಹೆಸರನ್ನು ನಂಬಿದರೆ ಒಂದು ಪ್ರಶ್ನೆಗೆ ಉತ್ತರ ಸಿಗುವುದಿಲ್ಲ: ಕುಡಿತದಲ್ಲಿ, ಹೆರಾಯಿನ್‌ನಲ್ಲಿ ಈಗ ಯಾವ ಸುಖವೂ ಉಳಿದಿಲ್ಲ ಎನ್ನುವವರೇ ಮತ್ತೆ ಅದರ ಹಿಂದೆ ಓಡುವುದೇಕೆ?

ಮೊದಲು ಜಾಲವನ್ನು ನೋಡೋಣ. ನಡುಮಿದುಳಿನಲ್ಲಿರುವ ನರಕೋಶಗಳ ಒಂದು ಪುಟ್ಟ ಗುಂಪಿನಿಂದ ಹೊರಟ ಎಳೆಗಳು ಮಿದುಳಿನ ಆಳದ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗಕ್ಕೂ ಹಣೆಯ ಹಿಂದಿನ ಮುಮ್ಮಿದುಳಿಗೂ ಹೋಗುತ್ತವೆ. ಎಳೆಯ ತುದಿಯಿಂದ ಹೊರಬಿದ್ದ ಡೋಪಮೈನ್ ಎದುರಿನ ಕೋಶದ ಗ್ರಾಹಕಗಳಿಗೆ ಅಂಟಿ ಸಂದೇಶ ಮುಟ್ಟಿಸುತ್ತದೆ. ಕೆಲಸ ಮುಗಿದೊಡನೆ ಒಂದು ಪ್ರೋಟೀನು ಅದನ್ನು ಮರಳಿ ಒಳಗೆ ಎಳೆದುಕೊಳ್ಳುತ್ತದೆ.

ಆ ಸಂದೇಶ ಏನು? ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಇದನ್ನು ಕೋತಿಗಳಲ್ಲಿ ಪರೀಕ್ಷಿಸಿದರು. ಬಾಯಿಗೆ ಹಣ್ಣಿನ ರಸ ಬಿದ್ದಾಗ ಡೋಪಮೈನ್ ಕೋಶಗಳು ಚುರುಕಾದವು. ರಸಕ್ಕೆ ಮುಂಚೆ ದೀಪವೋ ಸದ್ದೋ ಬರುತ್ತದೆಂದು ಕೋತಿ ಕಲಿತ ಮೇಲೆ ಕೋಶಗಳು ಆ ಸೂಚನೆಗೇ ಚುರುಕಾದವು. ರಸ ಬಂದಾಗ ಸುಮ್ಮನಿದ್ದವು. ಸೂಚನೆ ಬಂದೂ ರಸ ಬರದಿದ್ದರೆ ಮೊದಲಿಗಿಂತ ಮಂಕಾದವು. ನಿರೀಕ್ಷಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು ಡೋಪಮೈನ್ ವರದಿ ಮಾಡುತ್ತಿತ್ತು. ಎಣಿಸಿದ್ದಕ್ಕಿಂತ ಚೆನ್ನಾಗಿದೆ, ಇದನ್ನು ನೆನಪಿಡು, ಮತ್ತೆ ಹುಡುಕು ಎಂಬುದೇ ಅದರ ಪಾಠ.

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಟೆರಿ ರಾಬಿನ್ಸನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಡೋಪಮೈನನ್ನು ಬಹುಪಾಲು ನಾಶಮಾಡಿದ ಇಲಿಗಳು ಎದುರಿಗೆ ಆಹಾರವಿದ್ದರೂ ಮುಟ್ಟುವುದಿಲ್ಲ. ನಾವೇ ತಿನ್ನಿಸದಿದ್ದರೆ ಸಾಯುತ್ತವೆ. ಆದರೆ ಅವುಗಳ ನಾಲಿಗೆಗೆ ಸಕ್ಕರೆ ನೀರು ಬಿಟ್ಟರೆ ಮಾಮೂಲಿನಂತೆ ಬಾಯಿ ಚಪ್ಪರಿಸುತ್ತವೆ. ಅಂದರೆ ರುಚಿ ಹೋಗಿಲ್ಲ, ಬೇಕೆಂಬ ತುಡಿತ ಹೋಗಿದೆ. ಹಿತ ಅನಿಸುವುದಕ್ಕೆ ಮಿದುಳು ತಾನೇ ತಯಾರಿಸುವ ಅಫೀಮಿನಂಥ ರಾಸಾಯನಿಕಗಳು ಹೆಚ್ಚು ಕಾರಣ. ಬೇಕು ಅನಿಸುವುದಕ್ಕೆ ಡೋಪಮೈನ್. ಇವೆರಡೂ ಸಾಮಾನ್ಯವಾಗಿ ಜೊತೆಗೇ ಇರುತ್ತವೆ. ಚಟದಲ್ಲಿ ಬೇರೆಯಾಗುತ್ತವೆ.

ಮಾದಕ ವಸ್ತುಗಳು ಈ ಜಾಲಕ್ಕೆ ಬೇರೆ ಬೇರೆ ಬಾಗಿಲಿನಿಂದ ನುಗ್ಗುತ್ತವೆ. ಕೊಕೇನ್, ಡೋಪಮೈನನ್ನು ಮರಳಿ ಎಳೆದುಕೊಳ್ಳುವ ಪ್ರೋಟೀನನ್ನೇ ತಡೆಯುತ್ತದೆ. ಡೋಪಮೈನ್ ಕೋಶಗಳಿಗೆ ಕಡಿವಾಣ ಹಾಕುವ ನೆರೆಯ ಕೋಶಗಳನ್ನು ಹೆರಾಯಿನ್ ಸುಮ್ಮನಾಗಿಸುತ್ತದೆ. ಬೀಡಿ, ಸಿಗರೇಟಿನ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಸೇರಿ ಡೋಪಮೈನ್ ಕೋಶಗಳನ್ನು ನೇರವಾಗಿ ಬಡಿದೆಬ್ಬಿಸುತ್ತದೆ. ಮದ್ಯಸಾರ ಹಲವು ದಾರಿಗಳಲ್ಲಿ ಅದೇ ಕೆಲಸ ಮಾಡುತ್ತದೆ.

ಅಪಾಯವಿರುವುದು ಇಲ್ಲಿ. ಊಟ ಎಷ್ಟೇ ರುಚಿಯಾಗಿರಲಿ, ರೂಢಿಯಾದಂತೆ ಡೋಪಮೈನ್ ತಣ್ಣಗಾಗುತ್ತದೆ. ನಿರೀಕ್ಷೆಗೂ ಅನುಭವಕ್ಕೂ ಹೊಂದಿಕೆಯಾಗುತ್ತದೆ. ಮಾದಕ ವಸ್ತು ಆ ಲೆಕ್ಕವನ್ನೇ ದಾಟಿ ಡೋಪಮೈನನ್ನು ಬಲವಂತವಾಗಿ ಏರಿಸುವುದರಿಂದ ‘ಎಣಿಸಿದ್ದಕ್ಕಿಂತ ಚೆನ್ನಾಗಿದೆ’ ಎಂಬ ಸುಳ್ಳು ವರದಿ ಪ್ರತಿ ಸಲವೂ ಹೋಗುತ್ತದೆ. ಪಾಠ ಮುಗಿಯುವುದೇ ಇಲ್ಲ, ಗಟ್ಟಿಯಾಗುತ್ತಲೇ ಇರುತ್ತದೆ.

ಮಿದುಳು ಇದನ್ನು ಸುಮ್ಮನೆ ಸಹಿಸುವುದಿಲ್ಲ. ಜೋರು ಮೈಕಿನ ಪಕ್ಕ ಕೂತವರು ಕಿವಿ ಮುಚ್ಚಿಕೊಳ್ಳುವಂತೆ ತನ್ನ ಗ್ರಾಹಕಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ. ವ್ಯಸನಿಗಳ ಮಿದುಳಿನಲ್ಲಿ ಒಂದು ಬಗೆಯ ಡೋಪಮೈನ್ ಗ್ರಾಹಕ ಕಡಿಮೆ ಇರುವುದನ್ನು ವಿಜ್ಞಾನಿ ನೋರಾ ವೊಲ್ಕೋವ್ ಮತ್ತು ಸಹೋದ್ಯೋಗಿಗಳು ಸ್ಕ್ಯಾನ್ ಮಾಡಿ ತೋರಿಸಿದ್ದಾರೆ. ಆಗ ಮಕ್ಕಳ ಆಟ, ಹಬ್ಬದೂಟ, ಗೆಳೆಯರ ಹರಟೆ ಎಲ್ಲವೂ ಸಪ್ಪೆ. ಜೊತೆಗೆ ಒತ್ತಡದ ರಾಸಾಯನಿಕಗಳು ಹೆಚ್ಚಿ, ವಸ್ತು ಸಿಗದಾಗ ಚಡಪಡಿಕೆ, ನಿದ್ದೆಗೇಡು, ಮೈಕೈ ನೋವು ಶುರುವಾಗುತ್ತವೆ. ಮೊದಲು ಖುಷಿಗೆಂದು ಕುಡಿದವರು ಈಗ ಸಂಕಟ ತಪ್ಪಿಸಿಕೊಳ್ಳಲು ಕುಡಿಯುತ್ತಾರೆ.

ಕಲಿತ ಪಾಠ ಮಾತ್ರ ಸೂಚನೆಗಳ ಜೊತೆ ಹೆಣೆದುಕೊಂಡೇ ಇರುತ್ತದೆ. ಆರು ತಿಂಗಳು ಬಿಟ್ಟವನಿಗೂ ಹಳೆಯ ಬಾರಿನ ಬೋರ್ಡು, ಸಂಬಳದ ದಿನ, ಜೊತೆಗೆ ಕುಡಿಯುತ್ತಿದ್ದ ಗೆಳೆಯನ ಫೋನು ಸಾಕು, ಹಪಾಹಪಿ ಎದ್ದು ನಿಲ್ಲುತ್ತದೆ. ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದ ಅಮೆರಿಕದ ಸೈನಿಕರ ಕಥೆ ಇದರ ಇನ್ನೊಂದು ಮಗ್ಗುಲು. 1971ರಲ್ಲಿ ಊರಿಗೆ ಮರಳಿದವರನ್ನು ಸಂಶೋಧಕಿ ಲೀ ರಾಬಿನ್ಸ್ ಅಧ್ಯಯನ ಮಾಡಿದಾಗ ಸುಮಾರು ಐವರಲ್ಲಿ ಒಬ್ಬರು ಅಲ್ಲಿ ಹೆರಾಯಿನ್‌ನಂಥ ಮಾದಕಕ್ಕೆ ದಾಸರಾಗಿದ್ದುದು ಕಂಡುಬಂತು. ಆದರೆ ಊರಿಗೆ ಬಂದ ಮೊದಲ ವರ್ಷದಲ್ಲಿ ಅವರಲ್ಲಿ ಮತ್ತೆ ದಾಸರಾದವರು ಶೇ. 5ರಷ್ಟು ಮಾತ್ರ. ಯುದ್ಧದ ಭಯ, ಕೈಗೆಟುಕುವ ಅಗ್ಗದ ಮಾಲು, ಜೊತೆಗಾರರು ಎಲ್ಲವೂ ಹಿಂದೆ ಉಳಿದಿದ್ದವು. ನಮ್ಮಲ್ಲಿ ಆಸ್ಪತ್ರೆಯಿಂದ ಹೊರಬಂದವರು ಮರಳುವುದು ಅದೇ ಬೀದಿಗೆ, ಅದೇ ಗೆಳೆಯರ ಬಳಿಗೆ.

ಹಾಗಾಗಿ ದೇವರ ಮುಂದೆ ಆಣೆ ಹಾಕಿಸಿದರೆ ಮುಗಿಯಿತು ಎಂದುಕೊಳ್ಳುವುದು ತಪ್ಪು. ಅಫೀಮು ವರ್ಗದ ಚಟಕ್ಕೆ ಬುಪ್ರಿನಾರ್ಫಿನ್, ಮೆಥಡೋನ್ ಔಷಧಗಳಿವೆ. ಅವು ಹೆರಾಯಿನ್ ಅಂಟುವ ಗ್ರಾಹಕಗಳ ಮೇಲೆಯೇ ನಿಧಾನವಾಗಿ, ಸಮನಾಗಿ ಕೆಲಸ ಮಾಡಿ ಸಂಕಟ ತಗ್ಗಿಸುತ್ತವೆ. ಆ ಗ್ರಾಹಕಗಳನ್ನು ಮುಚ್ಚುವ ನಾಲ್ಟ್ರೆಕ್ಸೋನ್ ಮದ್ಯದ ಹಪಾಹಪಿಯನ್ನೂ ಕಡಿಮೆ ಮಾಡುತ್ತದೆ. ಇವನ್ನು ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು, ಆಪ್ತಸಮಾಲೋಚನೆಯೂ ಜೊತೆಗಿರಬೇಕು. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಹೆರಾಯಿನ್ ಬಿಟ್ಟು ಕೆಲಕಾಲ ಕಳೆದವರು ಹಳೆಯ ಪ್ರಮಾಣದಲ್ಲೇ ಮತ್ತೆ ತೆಗೆದುಕೊಂಡರೆ ದೇಹಕ್ಕೆ ಅದನ್ನು ತಾಳುವ ಶಕ್ತಿ ಇರದೆ ಉಸಿರು ನಿಲ್ಲಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಕೇಂದ್ರ ಸರ್ಕಾರದ ಉಚಿತ ವ್ಯಸನಮುಕ್ತಿ ಸಹಾಯವಾಣಿ 14446. ಬಿಟ್ಟವರು ಮತ್ತೆ ಜಾರಿದರೆ ಬೈದು ಹೊರಗಟ್ಟಬೇಡಿ. ರಕ್ತದೊತ್ತಡ ಏರಿದವರನ್ನು ಕರೆದೊಯ್ಯುವಂತೆಯೇ ಅವರನ್ನೂ ಮತ್ತೆ ವೈದ್ಯರ ಬಳಿ ಕರೆದೊಯ್ಯಿರಿ.