ನೋಡುವ ಕಣ್ಣು, ಮುಟ್ಟುವ ಕೈ

ಪುರಾತನ ಮೋಟಾರು ಕಾರುಗಳ ಪ್ರದರ್ಶನವು ನಮ್ಮ ಮಹಾನಗರಗಳಲ್ಲಿ ಒಂದು ಜಾತ್ರೆಯಂತೆಯೇ ಜನರನ್ನು ಸೆಳೆಯುತ್ತಿದೆ. ದಿಲ್ಲಿಯಲ್ಲಿ 'ಸ್ಟೇಟ್ಸ್‌ಮನ್' ಪತ್ರಿಕೆಯು 1964ರಲ್ಲಿಯೇ ಇಂತಹ ರ್‍ಯಾಲಿಯನ್ನು ಆರಂಭಿಸಿತು. ಮುಂಬಯಿಯ ಹಾರ್ನಿಮನ್ ಸರ್ಕಲ್ಲಿನಲ್ಲಿ ಈ ಕಾರುಗಳು ಸಾಲುಗಟ್ಟಿ ನಿಂತುದನ್ನು ನಮ್ಮವರು ಅನೇಕರು ಕಂಡಿದ್ದಾರೆ. ಪಾಳಿ ಮುಗಿಸಿದ ಹೋಟೆಲ್ ಕಾರ್ಮಿಕನೂ ಭಾನುವಾರದ ಬಿಡುವಿನಲ್ಲಿರುವ ಗುಮಾಸ್ತನೂ ಧನಿಕರ ಪಕ್ಕದಲ್ಲಿಯೇ ನಿಂತು ಸವಿಯಬಹುದಾದ ವೈಭವವಿದು.

ನೋಡುವುದರಿಂದ ಕಾರಿಗೆ ಕೇಡಿಲ್ಲ; ಮುಟ್ಟುವುದರಿಂದ ಉಂಟು. 1920ರ ದಶಕದಲ್ಲಿ ಬಳಕೆಗೆ ಬಂದ ನೈಟ್ರೋಸೆಲ್ಯುಲೋಸ್ ಬಣ್ಣವು ಇಂದಿನ ಬಣ್ಣದಷ್ಟು ಗಟ್ಟಿಯಾದುದಲ್ಲ. ಅದರ ಮೇಲೆ ಕುಳಿತ ಧೂಳನ್ನು ಬೆರಳಿನಿಂದ ಒರೆಸಿದರೆ ಮರಳು ಕಾಗದದಿಂದ ಉಜ್ಜಿದಂತೆ ಗೆರೆಗಳೇಳುತ್ತವೆ. ಉಂಗುರ, ಬೆಲ್ಟಿನ ಬಕಲು, ಹೆಗಲ ಚೀಲದ ಜಿಪ್ಪು ಇವೆಲ್ಲವೂ ಅದಕ್ಕೆ ವೈರಿಗಳೇ. ಬೆವರಿನ ಉಪ್ಪು ನಿಕ್ಕಲ್ ಲೇಪನದ ಹೊಳಪನ್ನು ಕುಂದಿಸುತ್ತದೆ. ಬಾಗಿಲ ಕೆಳಗಿನ ಮೆಟ್ಟುಹಲಗೆಯ ಮೇಲೆ ಜನ ಏರಿ ನಿಂತರೆ ಅದು ಬಾಗುವ ಭಯವುಂಟು. ಮುರಿದ ಭಾಗವು ಅಂಗಡಿಯಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಬಲ್ಲ ಕಸುಬುದಾರನನ್ನು ಹುಡುಕಿ ಮಾಡಿಸಬೇಕು. ಆಗತಾನೆ ಓಡಿ ಬಂದು ನಿಂತ ಕಾರಿನ ರೇಡಿಯೇಟರ್ ಮುಚ್ಚಳಕ್ಕೆ ಕೈಯಿಕ್ಕಿದರಂತೂ ಕೈಯೇ ಬೆಂದೀತು.

ಹಾಗೆಂದು ಕಾರನ್ನು ಶೆಡ್ಡಿನಲ್ಲಿ ಬಚ್ಚಿಡುವುದು ಪರಿಹಾರವಲ್ಲ. 50 ವರ್ಷ ಮೀರಿದ ಮೂಲ ಸ್ವರೂಪದ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರಕಾರವು ನಿಯಮ ಮಾಡಿತು. ಅದರಂತೆ ನೋಂದಾಯಿಸಿದ ಕಾರು ಬೀದಿಗಿಳಿಯಬಹುದಾದುದು ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಹಾಗೂ ದುರಸ್ತಿಗಾಗಿ ಮಾತ್ರ. ಜನರಿಗೆ ಕಾಣಿಸಿಕೊಳ್ಳುವುದೇ ಅದರ ಬಾಳಿನ ಸಾರ್ಥಕತೆ. ಸಂಗ್ರಹಾಲಯದಲ್ಲಿ ಗೋಡೆಯುಂಟು, ಪಹರೆಯುಂಟು. ಬೀದಿಯಲ್ಲಿ ನಿಂತ ಕಾರಿಗೆ ನೋಡುಗರ ಸೌಜನ್ಯವೇ ಕಾವಲು.

ಆ ಸೌಜನ್ಯವನ್ನು ಸಂಪಾದಿಸುವ ಉಪಾಯವನ್ನು ನಮ್ಮ ಹೋಟೆಲುಗಳು ಬಲ್ಲವು. ಮಿಠಾಯಿಯನ್ನು ಗಾಜಿನ ಕಪಾಟಿನಲ್ಲಿ ಇರಿಸುವುದು ಗಿರಾಕಿಯನ್ನು ಕಳ್ಳನೆಂದು ಬಗೆದು ಅಲ್ಲ. ಕಣ್ಣಿಗೆ ಕಾಣಬೇಕು, ಕೈಗೆ ತಾಗಬಾರದು ಎಂಬುದಕ್ಕಾಗಿ. ಕಾರಿನ ಸುತ್ತ ಕೈಗೆ ನಿಲುಕದ ಅಂತರದಲ್ಲಿ ಹಗ್ಗ ಕಟ್ಟಬೇಕು. ಬಾಗಿಲಿಗೆ ಬೀಗ ಹಾಕಬೇಕು. ಕಳಚಬಹುದಾದ ಬಾನೆಟ್ಟಿನ ಬೊಂಬೆಯನ್ನು ತೆಗೆದಿರಿಸಬೇಕು. ಆದರೆ ಬಾನೆಟ್ಟನ್ನು ತೆರೆದು ಎಂಜಿನನ್ನು ತೋರಿಸಬೇಕು. ಕಾರು ತಯಾರಾದ ವರ್ಷ, ಊರು, ಅದರ ಕಥೆಗಳನ್ನು ಜನರ ಭಾಷೆಯಲ್ಲಿ ಬರೆದು ತೂಗುಹಾಕಬೇಕು. ಮಾಲಿಕನು ಪಕ್ಕದಲ್ಲಿ ನಿಂತು ನಾಲ್ಕು ಮಾತನಾಡಿದರೆ ಇನ್ನೂ ಲೇಸು. ಕುತೂಹಲಕ್ಕೆ ಉತ್ತರ ದೊರೆತಾಗ ಕೈ ತಾನಾಗಿ ಹಿಂಜರಿಯುತ್ತದೆ. ಕಥೆ ಕೇಳಿದವನು ಮುಂದೆ ಬರುವವನಿಗೆ "ಮುಟ್ಟಬೇಡಪ್ಪಾ" ಎಂದು ತಾನೇ ತಿಳಿಹೇಳುತ್ತಾನೆ.

ಇನ್ನೊಂದು ಮಾತು. ಬೆಲೆಯುಳ್ಳ ಉಡುಪಿನವರನ್ನು ಒಳಗೆ ಕೂಡಿಸಿ ಫೋಟೋ ತೆಗೆಸಿ, ಸಾದಾ ಅಂಗಿಯವನನ್ನು ದೂರದಿಂದಲೇ ಗದರುವುದು ನ್ಯಾಯವಲ್ಲ. ಹಗ್ಗವು ಎಲ್ಲರಿಗೂ ಒಂದೇ ಆಗಿರಬೇಕು. ನಮ್ಮ ವಾಚಕರಾದರೋ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಮಕ್ಕಳ ಕೈ ಹಿಡಿದು, ತಲೆಯೆತ್ತಿ ನೋಡಲಿ. ತಿಳಿಯದುದನ್ನು ಸಂಕೋಚವಿಲ್ಲದೆ ಕೇಳಲಿ. ಕಾರು ಒಬ್ಬನ ಸೊತ್ತು. ಅದರ ಸೊಬಗನ್ನು ಕಾಣುವ ಭಾಗ್ಯ ಎಲ್ಲರದು.