ಕರ್ನಾಟಕದಲ್ಲಿ ಆ್ಯಪ್ ಟ್ಯಾಕ್ಸಿ ಮತ್ತು ಚಾಲಕರ ಜೀವನೋಪಾಯ

ಓಲಾ, ಊಬರ್, ರ‍್ಯಾಪಿಡೋ ಮೊದಲಾದ ಮೊಬೈಲ್ ಆ್ಯಪ್‌ಗಳ ಮೂಲಕ ಬಾಡಿಗೆ ವಾಹನ ಒದಗಿಸುವ ವ್ಯವಸ್ಥೆಯು 2010ರ ದಶಕದಲ್ಲಿ ಕರ್ನಾಟಕದಲ್ಲಿ ಬೆಳೆದು, ಟ್ಯಾಕ್ಸಿ ಹಾಗೂ ಆಟೊರಿಕ್ಷಾ ಚಾಲಕರ ದುಡಿಮೆಯ ಸ್ವರೂಪವನ್ನು ಬದಲಿಸಿತು. ಬಾಡಿಗೆ ದರವನ್ನು ನಿಗದಿಪಡಿಸುವ ಮತ್ತು ಗಿರಾಕಿಯನ್ನು ಚಾಲಕನಿಗೆ ಒಪ್ಪಿಸುವ ಅಧಿಕಾರವು ಈ ವ್ಯವಸ್ಥೆಯಲ್ಲಿ ಕಂಪನಿಯ ಕೈಯಲ್ಲಿರುತ್ತದೆ. ವಾಹನದ ಸಾಲ, ಇಂಧನ, ವಿಮೆ ಮತ್ತು ದುರಸ್ತಿಯ ಹೊಣೆ ಚಾಲಕನ ಮೇಲೆಯೇ ಉಳಿಯುತ್ತದೆ. ಬೆಂಗಳೂರಿನಲ್ಲಿ ಆರಂಭವಾದ ಈ ಬದಲಾವಣೆಯ ಪರಿಣಾಮ ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಯಂತಹ ತಾಲ್ಲೂಕು ಕೇಂದ್ರಗಳ ಟ್ಯಾಕ್ಸಿ ಸ್ಟ್ಯಾಂಡುಗಳಿಗೂ ಬೇರೊಂದು ದಾರಿಯಿಂದ ತಲುಪಿದೆ. ಚಾಲಕರಹಿತ ಕಾರುಗಳು ಇದೇ ಪ್ರಶ್ನೆಯನ್ನು ಮತ್ತಷ್ಟು ತೀವ್ರವಾಗಿ ಮುಂದಿಟ್ಟಿವೆ.

ಹಿನ್ನೆಲೆ

1988ರ ಮೋಟಾರು ವಾಹನಗಳ ಕಾಯ್ದೆಯ ಪ್ರಕಾರ ಟ್ಯಾಕ್ಸಿಯು ಗುತ್ತಿಗೆ ವಾಹನ. ಅದಕ್ಕೆ ಪರ್ಮಿಟ್, ಅರ್ಹತಾ ಪತ್ರ (ರೂಢಿಯಲ್ಲಿ ‘ಎಫ್‌ಸಿ’) ಮತ್ತು ಹಳದಿ ಫಲಕ ಕಡ್ಡಾಯ. ದರ ನಿಗದಿಯ ಬಗ್ಗೆ ನಿರ್ದೇಶನ ನೀಡುವ ಅಧಿಕಾರವನ್ನು ಕಾಯ್ದೆಯ 67ನೆಯ ಕಲಮು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಸ್ವಂತ ಬಳಕೆಗೆಂದು ನೋಂದಾಯಿಸಿದ ‘ಬಿಳಿ ಬೋರ್ಡ್’ ವಾಹನಗಳನ್ನು ಬಾಡಿಗೆಗೆ ಓಡಿಸುವುದು ಕಾನೂನುಬಾಹಿರ. ಹೆಚ್ಚಿನ ತೆರಿಗೆ ಮತ್ತು ವಿಮಾ ಕಂತು ಕಟ್ಟುವ ಹಳದಿ ಬೋರ್ಡಿನವರಿಗೆ ಇದು ಆ್ಯಪ್‌ಗಳಿಗಿಂತ ಬಹಳ ಹಿಂದಿನಿಂದಲೂ ಇರುವ ದೂರು.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಮೆರು ಮುಂತಾದ ರೇಡಿಯೊ ಟ್ಯಾಕ್ಸಿ ಕಂಪನಿಗಳು ಬೆಂಗಳೂರಿನಲ್ಲಿ ನೆಲೆಯೂರಿದವು. ಅದಕ್ಕೆ ಮೊದಲು ಹೊರ ಊರಿನ ಪ್ರಯಾಣಕ್ಕೆ ಟ್ರಾವೆಲ್ಸ್ ಅಂಗಡಿ ಅಥವಾ ಪರಿಚಯದ ಚಾಲಕನೇ ಗತಿ. 2010ರಲ್ಲಿ ಸ್ಥಾಪನೆಯಾದ ಓಲಾ ಮುಂದೆ ಬೆಂಗಳೂರನ್ನೇ ಕೇಂದ್ರ ಮಾಡಿಕೊಂಡಿತು. 2011ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಟ್ಯಾಕ್ಸಿಫಾರ್‌ಶ್ಯೂರ್ ಕಂಪನಿಯನ್ನು ಅದು 2015ರಲ್ಲಿ ಕೊಂಡಿತು. ಅಮೆರಿಕದ ಊಬರ್ 2013ರಲ್ಲಿ ಭಾರತಕ್ಕೆ ಕಾಲಿಟ್ಟದ್ದೂ ಬೆಂಗಳೂರಿನ ಮೂಲಕವೇ.

ಪ್ರೋತ್ಸಾಹಧನದಿಂದ ಸಾಲದವರೆಗೆ

ಆರಂಭದ ವರ್ಷಗಳಲ್ಲಿ ಕಂಪನಿಗಳು ಹೂಡಿಕೆದಾರರ ಹಣದಿಂದ ಎರಡು ಕಡೆಗೂ ಖರ್ಚು ಮಾಡಿದವು: ಪ್ರಯಾಣಿಕನಿಗೆ ರಿಯಾಯಿತಿ, ಚಾಲಕನಿಗೆ ಪ್ರೋತ್ಸಾಹಧನ. ದಿನಕ್ಕೆ ಇಂತಿಷ್ಟು ಟ್ರಿಪ್ ಮುಗಿಸಿದರೆ ಬಾಡಿಗೆಯ ಮೇಲೆ ಹೆಚ್ಚುವರಿ ಹಣ ದೊರೆಯುತ್ತಿತ್ತು. ಈ ಆದಾಯವನ್ನು ಸ್ಥಿರವೆಂದು ನಂಬಿ ಅನೇಕರು ಸಾಲ ಮಾಡಿ ಕಾರು ಕೊಂಡರು. ಕಂಪನಿಗಳೇ ನಡೆಸಿದ ಗುತ್ತಿಗೆ ಯೋಜನೆಗಳಲ್ಲಿ ಕಾರು ಪಡೆದವರೂ ಇದ್ದರು. ಚಾಲಕರ ಸಂಖ್ಯೆ ಏರಿದ ಮೇಲೆ ಪ್ರೋತ್ಸಾಹಧನ ಇಳಿಯಿತು, ಗುರಿ ಏರಿತು. ಸಾಲದ ಕಂತು ಮಾತ್ರ ಇದ್ದಲ್ಲೇ ಇತ್ತು.

2017ರ ಫೆಬ್ರುವರಿಯಲ್ಲಿ ಬೆಂಗಳೂರಿನ ಓಲಾ ಮತ್ತು ಊಬರ್ ಚಾಲಕರು ನಡೆಸಿದ ಮುಷ್ಕರದ ಮೂಲ ಕಾರಣ ಇದೇ. ಇದನ್ನು ತಂತ್ರಜ್ಞಾನದ ವಿರುದ್ಧದ ಹೋರಾಟವೆಂದು ಬಣ್ಣಿಸುವುದು ಸರಿಯಾಗಲಾರದು. ಮುಷ್ಕರ ಹೂಡಿದವರೆಲ್ಲ ಆ್ಯಪ್‌ನಲ್ಲಿಯೇ ದುಡಿಯುತ್ತಿದ್ದವರು. ಅವರ ಆಕ್ಷೇಪವಿದ್ದದ್ದು ತಮ್ಮನ್ನು ಕೇಳದೆ ಬದಲಾಗುವ ದರ, ಕಮಿಷನ್ ಮತ್ತು ವಿವರಣೆಯಿಲ್ಲದೆ ಐ.ಡಿ. ನಿರ್ಬಂಧಿಸುವ ಕ್ರಮಗಳ ಬಗ್ಗೆ. ಗಿರಾಕಿ ನೀಡುವ ರೇಟಿಂಗ್ ಕಡಿಮೆಯಾದರೆ ಚಾಲಕನ ಖಾತೆ ಸ್ಥಗಿತವಾಗಬಹುದಿತ್ತು. ಅದನ್ನು ಪ್ರಶ್ನಿಸಲು ಎದುರಿಗೆ ಒಬ್ಬ ಮಾಲೀಕನಾಗಲಿ ಮೇಸ್ತ್ರಿಯಾಗಲಿ ಇರಲಿಲ್ಲ.

ತುರುವೇಕೆರೆ–ತಿಪಟೂರು ಸೀಮೆ

ತುಮಕೂರು ಜಿಲ್ಲೆಯ ಪಶ್ಚಿಮ ಭಾಗದ ಈ ತಾಲ್ಲೂಕುಗಳ ಆರ್ಥಿಕತೆ ನಿಂತಿರುವುದು ತೆಂಗಿನ ಮೇಲೆ. ತಿಪಟೂರಿನ ಕೊಬ್ಬರಿ ಮಾರುಕಟ್ಟೆ ದೇಶದಲ್ಲಿಯೇ ಹೆಸರುವಾಸಿ. 1990ರ ದಶಕದ ಕೊನೆಯಿಂದ ಕಾಡಿದ ನುಸಿ ರೋಗ, ಮರುಕಳಿಸುವ ಬರ ಹಾಗೂ ಕೊಬ್ಬರಿ ಬೆಲೆಯ ಏರಿಳಿತ ತೋಟದ ಆದಾಯವನ್ನು ಅನಿಶ್ಚಿತಗೊಳಿಸಿದವು. ಇಂತಹ ಸೀಮೆಯಲ್ಲಿ ಬಾಡಿಗೆ ಕಾರು ಓಡಿಸುವುದು ತೋಟದ ಜೊತೆಗೊಂದು ಆಸರೆ. ತೋಟವಿಲ್ಲದವರಿಗೆ ಅದೇ ಪೂರ್ಣ ಜೀವನಾಧಾರ.

ನಗರದ ಟ್ಯಾಕ್ಸಿಗೂ ಇಲ್ಲಿನ ಟ್ಯಾಕ್ಸಿಗೂ ವ್ಯತ್ಯಾಸವಿದೆ. ಊರೊಳಗೆ ಓಡಾಡಲು ಕಾರು ಕರೆಯುವವರು ವಿರಳ. ಧರ್ಮಸ್ಥಳ, ತಿರುಪತಿ, ಯಡಿಯೂರು, ಆದಿಚುಂಚನಗಿರಿಯ ಯಾತ್ರೆ, ಮದುವೆ, ಹೆಣ್ಣು ನೋಡುವ ಶಾಸ್ತ್ರ, ಬೆಳ್ಳೂರು ಬಳಿಯ ಬಿ.ಜಿ. ನಗರದ ಆಸ್ಪತ್ರೆ ಅಥವಾ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗುವ ತುರ್ತು, ಬೆಂಗಳೂರು ವಿಮಾನ ನಿಲ್ದಾಣ — ಸ್ಟ್ಯಾಂಡಿನ ಬಾಡಿಗೆಗಳು ಬಹುಪಾಲು ಇವೇ. ಚಾಲಕನ ದೂರವಾಣಿ ಸಂಖ್ಯೆ ಮನೆಯವರ ಬಳಿ ಇರುತ್ತದೆ. ರಾತ್ರಿ ಎರಡು ಗಂಟೆಗೆ ಕರೆದರೂ ಬರುತ್ತಾನೆ, ಹಣ ಸಾಲದಿದ್ದರೆ ಕೊಬ್ಬರಿ ಮಾರಿದ ಮೇಲೆ ಕೊಡುವುದಕ್ಕೂ ಒಪ್ಪುತ್ತಾನೆ. ಯಾವ ಆ್ಯಪ್‌ನ ಲೆಕ್ಕದಲ್ಲಿಯೂ ಈ ಸಾಲಕ್ಕೆ ಜಾಗವಿಲ್ಲ.

ಹೊರ ಊರಿನ ಬಾಡಿಗೆಗೆ ರೂಢಿಯಲ್ಲಿರುವ ಲೆಕ್ಕ ಹೀಗಿದೆ: ಹೋಗುವ ಮತ್ತು ಬರುವ ಎರಡೂ ಬದಿಯ ಕಿಲೋಮೀಟರುಗಳಿಗೆ ದರ, ದಿನಕ್ಕೆ 250 ಅಥವಾ 300 ಕಿ.ಮೀ. ಕನಿಷ್ಠ, ಅದರ ಮೇಲೆ ಚಾಲಕನ ಬಾಟಾ ಮತ್ತು ಟೋಲ್. ಗಿರಾಕಿ ಇಳಿದ ಮೇಲೆ ಕಾರು ಖಾಲಿಯಾಗಿ ಮರಳಬೇಕಾದ್ದರಿಂದ ಎರಡು ಬದಿಯ ಹಣ ನ್ಯಾಯವೆಂದು ಇಬ್ಬರೂ ಒಪ್ಪಿಕೊಂಡು ಬಂದಿದ್ದರು. ಆ್ಯಪ್‌ಗಳ ಮತ್ತು ‘ಡ್ರಾಪ್ ಟ್ಯಾಕ್ಸಿ’ ಸೇವೆಗಳ ಒಂದು ಬದಿಯ ದರ ಈ ಒಪ್ಪಂದವನ್ನು ಸಡಿಲಗೊಳಿಸಿತು. ಉದಾಹರಣೆಗೆ, ಒಂದು ಬದಿಗೆ 150 ಕಿ.ಮೀ. ದೂರವಿದ್ದು ಕಿ.ಮೀ.ಗೆ 12 ರೂಪಾಯಿ ಎಂದುಕೊಂಡರೆ ಸ್ಟ್ಯಾಂಡಿನ ಲೆಕ್ಕದಲ್ಲಿ 300 ಕಿ.ಮೀ.ಗೆ 3,600 ರೂಪಾಯಿ ಆಗುತ್ತದೆ. ಒಂದು ಬದಿಯ ಸೇವೆ ಕಿ.ಮೀ.ಗೆ 16 ರೂಪಾಯಿ ಹಿಡಿದರೂ ಗಿರಾಕಿ ಕೊಡಬೇಕಾದ್ದು 2,400 ರೂಪಾಯಿ ಮಾತ್ರ. ಬೆಂಗಳೂರಿನಿಂದ ಈ ಕಡೆಗೆ ಬಂದ ಕಾರಿಗೆ ಮರಳುವಾಗ ಸಿಕ್ಕಿದಷ್ಟೂ ಲಾಭವೇ. ತುರುವೇಕೆರೆಯ ಕಾರು ಬೆಂಗಳೂರಿಗೆ ಹೋದಾಗ ಹಾಗಲ್ಲ: ಮಹಾನಗರದಿಂದ ಸಣ್ಣ ಊರಿನ ಕಡೆಗೆ ಅದೇ ದಿನ, ಅದೇ ಹೊತ್ತಿಗೆ ಗಿರಾಕಿ ಸಿಗುವ ಸಂಭವ ಕಡಿಮೆ. ಒಂದೇ ದರದ ಪದ್ಧತಿ ದೊಡ್ಡ ಊರಿನ ಚಾಲಕನಿಗೆ ಅನುಕೂಲವಾಗಿ, ಸಣ್ಣ ಊರಿನವನಿಗೆ ಪ್ರತಿಕೂಲವಾಗುವುದು ಹೀಗೆ. ಗಿರಾಕಿಗೆ ಇದರಿಂದ ಉಳಿತಾಯವಾಗುತ್ತದೆ ಎಂಬುದನ್ನೂ ಅಲ್ಲಗಳೆಯುವಂತಿಲ್ಲ. ಆದರೆ ಹಗಲಿನ ವಿಮಾನ ನಿಲ್ದಾಣದ ಬಾಡಿಗೆ ಕೈತಪ್ಪಿ ಸ್ಟ್ಯಾಂಡಿನ ಕಾರು ಮಾರಾಟವಾದರೆ, ನಡುರಾತ್ರಿ ಆಸ್ಪತ್ರೆಗೆ ಕರೆಯಲು ಕಾರು ಉಳಿಯುವುದಿಲ್ಲ.

ಈ ಭಾಗದ ಚಾಲಕರ ಮೇಲೆ ಬಿದ್ದ ಇನ್ನೊಂದು ಹೊರೆ ಆ್ಯಪ್‌ಗೆ ಸಂಬಂಧಿಸಿದ್ದಲ್ಲ. 2023ರ ಜೂನ್ 11ರಂದು ಜಾರಿಗೆ ಬಂದ ‘ಶಕ್ತಿ’ ಯೋಜನೆಯಡಿ ಮಹಿಳೆಯರಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್‌ಗಳಲ್ಲಿ ಪ್ರಯಾಣ ಉಚಿತವಾಯಿತು. ಹಳ್ಳಿ ಮಹಿಳೆಯರಿಗೆ ಇದು ದೊಡ್ಡ ಅನುಕೂಲ. ಊರಿಂದ ಊರಿಗೆ ಜನರನ್ನು ಸಾಗಿಸುತ್ತಿದ್ದ ಮ್ಯಾಕ್ಸಿಕ್ಯಾಬ್ ಮತ್ತು ಆಟೊ ಚಾಲಕರ ಸಂಘಟನೆಗಳು ಮಾತ್ರ ತಮ್ಮ ಗಳಿಕೆ ಕುಸಿಯಿತೆಂದು ಪರಿಹಾರ ಕೇಳಿದವು.

ಬಂದ್ ಮತ್ತು ಬೈಕ್ ಟ್ಯಾಕ್ಸಿ

2023ರ ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆ ಸಂಘಟನೆಗಳ ಒಕ್ಕೂಟವು ಬೆಂಗಳೂರಿನಲ್ಲಿ ಸಾರಿಗೆ ಬಂದ್ ನಡೆಸಿತು. ಶಕ್ತಿ ಯೋಜನೆಯ ನಷ್ಟಕ್ಕೆ ಪರಿಹಾರ ಮತ್ತು ಬೈಕ್ ಟ್ಯಾಕ್ಸಿಯ ನಿಷೇಧ ಅದರ ಮುಖ್ಯ ಬೇಡಿಕೆಗಳಲ್ಲಿ ಸೇರಿದ್ದವು. ಬಿಳಿ ಬೋರ್ಡಿನ ದ್ವಿಚಕ್ರ ವಾಹನಗಳನ್ನು ಬಾಡಿಗೆಗೆ ಬಳಸುವುದು ಆಟೊ ಚಾಲಕರ ಪಾಲಿಗೆ ನೇರ ಪೆಟ್ಟು. ರಾಜ್ಯ ಸರ್ಕಾರ 2021ರಲ್ಲಿ ತಂದಿದ್ದ ವಿದ್ಯುತ್ ಬೈಕ್ ಟ್ಯಾಕ್ಸಿ ಯೋಜನೆಯನ್ನು 2024ರ ಮಾರ್ಚ್‌ನಲ್ಲಿ ಹಿಂಪಡೆಯಿತು. ಸರ್ಕಾರ ಸೂಕ್ತ ನಿಯಮ ರೂಪಿಸುವವರೆಗೆ ಸೇವೆ ನಿಲ್ಲಿಸಬೇಕೆಂದು 2025ರ ಏಪ್ರಿಲ್ 2ರಂದು ಹೈಕೋರ್ಟಿನ ಏಕಸದಸ್ಯ ಪೀಠ ಆದೇಶಿಸಿದ್ದರಿಂದ ಜೂನ್ 16ರಿಂದ ಬೈಕ್ ಟ್ಯಾಕ್ಸಿಗಳು ಸ್ಥಗಿತಗೊಂಡವು. ಕಂಪನಿಗಳು ಮೇಲ್ಮನವಿ ಸಲ್ಲಿಸಿದವು. ಬೈಕ್ ಓಡಿಸುವವರೂ ದಿನದ ದುಡಿಮೆಯವರೇ ಆಗಿದ್ದುದರಿಂದ ಈ ವಿವಾದ ಇಬ್ಬರು ಬಡವರ ನಡುವಿನ ಜಗಳವಾಗಿಯೂ ಕಾಣಿಸಿತು.

ಚಾಲಕರ ಸ್ವಂತ ಆ್ಯಪ್

2022ರ ಅಕ್ಟೋಬರ್‌ನಲ್ಲಿ ಆ್ಯಪ್‌ಗಳ ಮೂಲಕ ಆಟೊ ಸೇವೆ ನೀಡುವುದು ಪರವಾನಗಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸಾರಿಗೆ ಇಲಾಖೆ ಆಕ್ಷೇಪಿಸಿತು. ಮೊದಲ 2 ಕಿ.ಮೀ.ಗೆ ಸರ್ಕಾರಿ ದರ 30 ರೂಪಾಯಿ ಇದ್ದಾಗ ಆ್ಯಪ್‌ಗಳು 100 ರೂಪಾಯಿ ಪಡೆಯುತ್ತಿವೆ ಎಂಬ ದೂರುಗಳು ಇದಕ್ಕೆ ಹಿನ್ನೆಲೆ. ಪ್ರಕರಣ ಹೈಕೋರ್ಟಿಗೆ ಹೋಗಿ, ಸರ್ಕಾರವು ನಿಗದಿತ ದರದ ಮೇಲೆ ಶೇ. 5ರಷ್ಟು ಸೇವಾ ಶುಲ್ಕ ಮತ್ತು ಜಿಎಸ್‌ಟಿಗೆ ಮಿತಿ ಹಾಕಿತು.

ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನ ಆಟೊರಿಕ್ಷಾ ಚಾಲಕರ ಒಕ್ಕೂಟವು ಜಸ್‌ಪೇ ಸಂಸ್ಥೆಯ ತಾಂತ್ರಿಕ ನೆರವಿನಿಂದ ‘ನಮ್ಮ ಯಾತ್ರಿ’ ಆ್ಯಪ್ ಆರಂಭಿಸಿತು. ಇದರಲ್ಲಿ ಕಮಿಷನ್ ಇಲ್ಲ. ಗಿರಾಕಿ ಕೊಟ್ಟ ಹಣ ನೇರವಾಗಿ ಚಾಲಕನಿಗೆ ಸೇರುತ್ತದೆ, ಚಾಲಕ ಆ್ಯಪ್ ಬಳಕೆಗೆ ದಿನಕ್ಕೆ 25 ರೂಪಾಯಿಯಂತಹ ಅಲ್ಪ ಚಂದಾ ಕಟ್ಟುತ್ತಾನೆ. 2024ರಲ್ಲಿ ಕಾರುಗಳೂ ಇದಕ್ಕೆ ಸೇರಿದವು. ಈ ಪ್ರಯೋಗದ ಪರಿಣಾಮ ಅದರ ಬಳಕೆದಾರರ ಸಂಖ್ಯೆಗಿಂತ ದೊಡ್ಡದು: 2025ರಲ್ಲಿ ಊಬರ್ ತನ್ನ ಆಟೊ ಸೇವೆಯನ್ನು ಕಮಿಷನ್‌ನಿಂದ ಚಂದಾ ಪದ್ಧತಿಗೆ ಬದಲಿಸಿತು, ಓಲಾ ಕೂಡ ಅದೇ ಹಾದಿ ಹಿಡಿಯಿತು. ಕೇರಳ ಸರ್ಕಾರವು 2022ರಲ್ಲಿ ‘ಕೇರಳ ಸವಾರಿ’ ಎಂಬ ತನ್ನದೇ ಆ್ಯಪ್ ತಂದಿತ್ತು. ಗೋವಾದಲ್ಲಿ ಸ್ಥಳೀಯ ಟ್ಯಾಕ್ಸಿಯವರು 2018ರ ‘ಗೋವಾಮೈಲ್ಸ್’ ಸೇರಿದಂತೆ ಆ್ಯಪ್‌ಗಳನ್ನೇ ತೀವ್ರವಾಗಿ ವಿರೋಧಿಸುತ್ತ ಬಂದಿದ್ದಾರೆ.

ಚಾಲಕರಹಿತ ಕಾರುಗಳು

ಅಮೆರಿಕದ ವೇಮೊ ಕಂಪನಿಯು 2020ರಲ್ಲಿ ಫೀನಿಕ್ಸ್ ಪ್ರದೇಶದಲ್ಲಿ ಚಾಲಕನಿಲ್ಲದ ಟ್ಯಾಕ್ಸಿಯನ್ನು ಸಾರ್ವಜನಿಕರಿಗೆ ತೆರೆಯಿತು. 2024ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿಯೂ ಎಲ್ಲರಿಗೂ ದೊರೆಯುವಂತಾಯಿತು. ಅದೇ ನಗರದಲ್ಲಿ ಜನರಲ್ ಮೋಟರ್ಸ್‌ನ ಕ್ರೂಸ್ ಕಾರು 2023ರ ಅಕ್ಟೋಬರ್‌ನಲ್ಲಿ ಪಾದಚಾರಿಯೊಬ್ಬರನ್ನು ಎಳೆದೊಯ್ದ ಪ್ರಕರಣದ ನಂತರ ಅನುಮತಿ ಕಳೆದುಕೊಂಡಿತು. ಚೀನಾದ ವುಹಾನ್‌ನಲ್ಲಿ ಬೈದು ಕಂಪನಿಯ ಅಗ್ಗದ ಚಾಲಕರಹಿತ ಟ್ಯಾಕ್ಸಿಗಳ ಬಗ್ಗೆ 2024ರಲ್ಲಿ ಅಲ್ಲಿನ ಟ್ಯಾಕ್ಸಿ ಚಾಲಕರು ಆತಂಕ ವ್ಯಕ್ತಪಡಿಸಿದರು.

ಭಾರತದ ರಸ್ತೆಗಳಲ್ಲಿ ಇಂತಹ ಟ್ಯಾಕ್ಸಿ ಸೇವೆ ಇನ್ನೂ ಆರಂಭವಾಗಿಲ್ಲ. ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರು 2017ರಲ್ಲಿಯೂ 2023ರಲ್ಲಿಯೂ, ಚಾಲಕರ ಉದ್ಯೋಗ ಕಸಿಯುವ ಕಾರಣಕ್ಕೆ ಚಾಲಕರಹಿತ ಕಾರುಗಳಿಗೆ ಅವಕಾಶ ನೀಡುವುದಿಲ್ಲವೆಂದು ಹೇಳಿದ್ದರು. ಎರಡನೆಯ ಬಾರಿ 70–80 ಲಕ್ಷ ಚಾಲಕರ ಕೆಲಸ ಹೋಗುವುದೆಂದು ಅಂದಾಜಿಸಿದ್ದರು. ಸಂಶೋಧನೆಯಂತೂ ನಿಂತಿಲ್ಲ. ಬೆಂಗಳೂರಿನ ಮೈನಸ್ ಜೀರೊ ಕಂಪನಿ 2023ರಲ್ಲಿ ‘ಜೀಪಾಡ್’ ಎಂಬ ಮಾದರಿ ವಾಹನವನ್ನು ಪ್ರದರ್ಶಿಸಿತು. ವಿಪ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್.ವಿ. ಎಂಜಿನಿಯರಿಂಗ್ ಕಾಲೇಜಿನವರು ಸೇರಿ ರೂಪಿಸಿದ ಕಾರಿನ ಮಾದರಿಯೊಂದು 2025ರಲ್ಲಿ ಸುದ್ದಿಯಾಯಿತು. ಲೇನ್ ಶಿಸ್ತಿಲ್ಲದ ಸಂಚಾರ, ದನಕರು, ಗುರುತಿನ ಗೆರೆಗಳಿಲ್ಲದ ರಸ್ತೆ — ಇವು ಯಂತ್ರಕ್ಕೆ ಕಠಿಣ ಪರೀಕ್ಷೆ. ತೋಟದ ನಡುವಿನ ಮಣ್ಣು ದಾರಿಗಿಂತ ಮೊದಲು ವಿಮಾನ ನಿಲ್ದಾಣದ ಹೆದ್ದಾರಿಯಂತಹ ಸುಸಜ್ಜಿತ ಮಾರ್ಗಗಳೇ ಅದಕ್ಕೆ ಸುಲಭ ತುತ್ತಾಗುತ್ತವೆ. ಹೆಚ್ಚು ಹಣ ತರುವ ಬಾಡಿಗೆಗಳೂ ಅದೇ ಮಾರ್ಗಗಳಲ್ಲಿವೆ.

ಆ್ಯಪ್ ಟ್ಯಾಕ್ಸಿಗೂ ಚಾಲಕರಹಿತ ಟ್ಯಾಕ್ಸಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಆ್ಯಪ್ ಕಂಪನಿಗೆ ಕಾರು ಕೊಂಡು, ಸಾಲ ತೀರಿಸಿ, ಓಡಿಸುವ ಚಾಲಕ ಬೇಕೇ ಬೇಕು. ಆದ್ದರಿಂದ ಅವನ ಮುಷ್ಕರಕ್ಕೆ ಬೆಲೆಯಿದೆ. ಚಾಲಕನಿಲ್ಲದ ಕಾರು ಕಂಪನಿಯ ಸ್ವತ್ತಾದ ದಿನ ಆ ಬೆಲೆಯೂ ಇಲ್ಲವಾಗುತ್ತದೆ.

ಕಾನೂನು ಕ್ರಮಗಳು

ಕರ್ನಾಟಕವು 2016ರಲ್ಲಿಯೇ ಬೇಡಿಕೆ ಆಧಾರಿತ ಸಾರಿಗೆ ಕಂಪನಿಗಳಿಗೆ ಪರವಾನಗಿ ಕಡ್ಡಾಯಗೊಳಿಸುವ ನಿಯಮಗಳನ್ನು ರೂಪಿಸಿತು. 2019ರ ತಿದ್ದುಪಡಿಯ ಮೂಲಕ ಇಂತಹ ಮಧ್ಯವರ್ತಿ ಕಂಪನಿಗಳು ಕೇಂದ್ರದ ಮೋಟಾರು ವಾಹನಗಳ ಕಾಯ್ದೆಯಲ್ಲಿ ಸ್ಥಾನ ಪಡೆದವು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಆ್ಯಪ್ ಟ್ಯಾಕ್ಸಿಗೂ ಇತರ ಟ್ಯಾಕ್ಸಿಗೂ ಏಕರೂಪದ ನಗರ ದರ ನಿಗದಿಪಡಿಸಿತು: 10 ಲಕ್ಷ ರೂಪಾಯಿವರೆಗಿನ ವಾಹನಕ್ಕೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಅನಂತರ ಕಿ.ಮೀ.ಗೆ 24 ರೂಪಾಯಿ.

2025ರ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯು ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಆಗಸ್ಟ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆಯಿತು. ಕಾರ್ಮಿಕನಿಗೆ ನೀಡುವ ಪ್ರತಿ ಪಾವತಿಯ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯಿಂದ ಪಡೆಯಲು, ಕೆಲಸದಿಂದ ತೆಗೆಯುವ ಮುನ್ನ ಸಾಮಾನ್ಯವಾಗಿ 14 ದಿನಗಳ ನೋಟಿಸ್ ನೀಡಲು ಇದರಲ್ಲಿ ಅವಕಾಶವಿದೆ. ಕೆಲಸ ಹಂಚುವ ಮತ್ತು ರೇಟಿಂಗ್ ನೀಡುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಕಾರ್ಮಿಕರಿಗೆ ತಿಳಿಸಬೇಕೆಂದೂ ಅದು ವಿಧಿಸುತ್ತದೆ. ರಾಜಸ್ಥಾನ 2023ರಲ್ಲಿ ಇಂತಹ ಮೊದಲ ಕಾಯ್ದೆಯನ್ನು ಮಾಡಿತ್ತು. ಆ್ಯಪ್‌ಗೆ ಸೇರದೆ ತುರುವೇಕೆರೆಯ ಸ್ಟ್ಯಾಂಡಿನಲ್ಲಿ ಕಾರು ನಿಲ್ಲಿಸಿಕೊಂಡಿರುವ ಚಾಲಕ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಖಾಸಗಿ ವಾಣಿಜ್ಯ ವಾಹನಗಳ ಚಾಲಕರಿಗಾಗಿ ರಾಜ್ಯದಲ್ಲಿ ಪ್ರತ್ಯೇಕ ಸಾಮಾಜಿಕ ಭದ್ರತಾ ಮಂಡಳಿಯಿದೆ.